ಅದ್ಭುತ ಕಥನ ಮತ್ತು ಓದುಗರ ವಯಸ್ಸು: ಅರ್ಸುಲಾ ಲೆ ಗ್ವಿನ್ ಅವರ ‘ಅರ್ತ್‌ಸೀ’ ಕಾದಂಬರಿಗಳನ್ನು ಕುರಿತು

ಪ್ರವೇಶ

ಮಕ್ಕಳಿಗಾಗಿ ರಚಿತವಾದ ಅದ್ಭುತ ಕಾದಂಬರಿಗಳನ್ನು ದೊಡ್ಡವರೂ ಓದುತ್ತಾರೆ ಎಂಬುದು ಹೊಸ ಸಂಗತಿಯಲ್ಲ. 1865ರಲ್ಲಿ ಪ್ರಕಟವಾದ ಲೂಯಿ ಕ್ಯಾರಲ್‌ನ ಆಲಿಸ್ ಕಥೆಯಿಂದ ಮೊದಲುಗೊಂಡು ಇಂದಿನವರೆಗೆ ಇಂತಹ ಹಲವು ಕೃತಿಗಳು ತಮಗೆ ಗೊತ್ತುಪಡಿಸಿದ ವಯಸ್ಸಿನ ಗಡಿಯನ್ನು ದಾಟಿ ಓದುಗರನ್ನು ಪಡೆದಿವೆ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಇದು: ಕೃತಿಯ ಹೊರಪದರದಲ್ಲಿ ಮಕ್ಕಳಿಗೆ ಬೇಕಾದ ಕಥೆಯಿದೆ, ಒಳಪದರದಲ್ಲಿ ದೊಡ್ಡವರಿಗೆ ಬೇಕಾದ ತತ್ತ್ವವಿದೆ. ಈ ಉತ್ತರವನ್ನು ಅನುಕೂಲಕ್ಕಾಗಿ ‘ಎರಡು ಪದರಗಳ ವಿವರಣೆ’ ಎಂದು ಕರೆಯಬಹುದು. ಮಕ್ಕಳ ಕೃತಿಗೆ ಗೌರವವನ್ನು ತಂದುಕೊಡುವಂತೆ ಕಾಣುವ ಈ ವಿವರಣೆ ವಾಸ್ತವದಲ್ಲಿ ಬಾಲ ಓದುಗರನ್ನು ಕೃತಿಯ ಹೊರಬಾಗಿಲಿನಲ್ಲಿಯೇ ನಿಲ್ಲಿಸುತ್ತದೆ. ಮಗು ಓದಿದ್ದು ಸಿಪ್ಪೆಯನ್ನು, ತಿರುಳು ದಕ್ಕಿದ್ದು ನಮಗೆ ಎಂಬ ತೀರ್ಮಾನ ಅದರೊಳಗೆ ಅಡಗಿದೆ.

ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ (1929–2018) ಅವರ ‘ಅರ್ತ್‌ಸೀ’ ಸರಣಿಯ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಈ ವಿವರಣೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂತಹ ಕೃತಿಗಳಲ್ಲಿ ಮಗುವೂ ದೊಡ್ಡವರೂ ಒಂದೇ ಪದರವನ್ನು ಓದುತ್ತಾರೆ. ಬೇರೆಯಾಗುವುದು ಅವರು ನಿಂತು ನೋಡುವ ನೆಲೆ ಮಾತ್ರ ಎಂಬುದು ಇಲ್ಲಿಯ ಪ್ರತಿಪಾದನೆ.

ಪರಿಭಾಷೆಯನ್ನು ಕುರಿತು ಒಂದು ಮಾತು ಅಗತ್ಯ. ಫ್ಯಾಂಟಸಿ ಎಂಬುದಕ್ಕೆ ಭ್ರಮಾಕಥನ, ಕಲ್ಪನಾರಮ್ಯ ಮುಂತಾದ ಪದಗಳನ್ನು ಬಳಸಲು ಸಾಧ್ಯವಿದೆ. ಮೊದಲನೆಯದರಲ್ಲಿ ಸುಳ್ಳಿನ ಸೂಚನೆಯಿದೆ. ಎರಡನೆಯದು ನವೋದಯದ ರಮ್ಯತೆಯನ್ನು ನೆನಪಿಸುತ್ತದೆ. ಆದುದರಿಂದ ಇಲ್ಲಿ ‘ಅದ್ಭುತ’ ಎಂಬ ಪದವನ್ನೇ ಬಳಸಲಾಗಿದೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಅದ್ಭುತರಸದ ಸ್ಥಾಯಿಭಾವ ವಿಸ್ಮಯ. ಆಲಂಕಾರಿಕರು ವಿಸ್ಮಯವನ್ನು ಬಾಲಕರಿಗೆಂದು ಮೀಸಲಿಟ್ಟವರಲ್ಲ. ಸಹೃದಯನ ಅರ್ಹತೆಯನ್ನು ಅವರು ಕಾವ್ಯಾಭ್ಯಾಸದಿಂದ ಸ್ವಚ್ಛಗೊಂಡ ಮನಸ್ಸಿನ ಮೂಲಕ ಹೇಳಿದರೇ ಹೊರತು ವಯಸ್ಸಿನ ಮೂಲಕ ಹೇಳಲಿಲ್ಲ.

1. ವಯೋವಿಭಜನೆಯ ಹಿನ್ನೆಲೆ

ಅದ್ಭುತ ಕಥೆಗಳು ಮಕ್ಕಳಿಗೆ ಸಹಜವಾಗಿ ಸೇರಿದವು ಎಂಬ ನಂಬಿಕೆಯನ್ನು ಗಂಭೀರವಾಗಿ ಪ್ರಶ್ನಿಸಿದವರಲ್ಲಿ ಜೆ.ಆರ್.ಆರ್. ಟೋಲ್ಕಿನ್ ಪ್ರಮುಖರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ 1939ರಲ್ಲಿ ಅವರು ನೀಡಿದ ಉಪನ್ಯಾಸವು ವಿಸ್ತೃತ ರೂಪದಲ್ಲಿ 1947ರಲ್ಲಿ ಪ್ರಕಟವಾಯಿತು. ಬಳಕೆ ತಪ್ಪಿದ ಹಳೆಯ ಪೀಠೋಪಕರಣಗಳನ್ನು ಮಕ್ಕಳ ಕೋಣೆಗೆ ಸಾಗಿಸುವಂತೆ, ದೊಡ್ಡವರ ಅಭಿರುಚಿಗೆ ಹೊರತಾದ ಅದ್ಭುತ ಕಥೆಗಳನ್ನು ಸಾಕ್ಷರ ಸಮಾಜವು ಮಕ್ಕಳ ಪಾಲಿಗೆ ಬಿಟ್ಟಿತು ಎಂಬುದು ಅವರ ವಾದದ ಸಾರ. ಮಕ್ಕಳಿಗೂ ಅದ್ಭುತಕ್ಕೂ ಇರುವ ನಂಟು ಅವರ ದೃಷ್ಟಿಯಲ್ಲಿ ಮನೆಮನೆಯ ಚರಿತ್ರೆಯ ಒಂದು ಆಕಸ್ಮಿಕ.

ಈ ವಿಭಜನೆ ಪುಸ್ತಕೋದ್ಯಮದಲ್ಲಿಯೂ ಎಷ್ಟು ಅಸ್ಥಿರವಾದುದು ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಹ್ಯಾರಿ ಪಾಟರ್ ಪುಸ್ತಕಗಳು ತನ್ನ ಮಾರಾಟಪಟ್ಟಿಯ ಮೇಲಿನ ಸ್ಥಾನಗಳನ್ನು ಆಕ್ರಮಿಸಿಕೊಂಡಾಗ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 2000ದ ಜುಲೈಯಲ್ಲಿ ಮಕ್ಕಳ ಪುಸ್ತಕಗಳಿಗೆ ಪ್ರತ್ಯೇಕ ಪಟ್ಟಿಯನ್ನು ಆರಂಭಿಸಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಫಿಲಿಪ್ ಪುಲ್‌ಮನ್ ಅವರ ‘ದಿ ಆಂಬರ್ ಸ್ಪೈಗ್ಲಾಸ್’ ಕೃತಿಗೆ ಬ್ರಿಟನ್ನಿನ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ 2001ನೆಯ ಸಾಲಿಗೆ ಸಂದಿತು. ಮಕ್ಕಳ ಕೃತಿಯೊಂದು ಎಲ್ಲ ಪ್ರಕಾರಗಳ ಪುಸ್ತಕಗಳೊಂದಿಗೆ ಸ್ಪರ್ಧಿಸಿ ಆ ಪ್ರಶಸ್ತಿಯನ್ನು ಪಡೆದುದು ಅದೇ ಮೊದಲು. ಒಂದೆಡೆ ಗೋಡೆಯನ್ನು ಕಟ್ಟಲಾಯಿತು, ಮತ್ತೊಂದೆಡೆ ಗೋಡೆಯನ್ನು ತೆಗೆಯಲಾಯಿತು. ಎರಡೂ ಸಂದರ್ಭಗಳಲ್ಲಿ ಓದುಗರು ಗೋಡೆಯನ್ನು ಆಗಲೇ ದಾಟಿದ್ದರು.

2. ಸಂಬೋಧನೆಯ ಮೂರು ಬಗೆಗಳು

ಮಕ್ಕಳ ಕಥನದ ನಿರೂಪಕ ಯಾರನ್ನು ಉದ್ದೇಶಿಸಿ ಮಾತನಾಡುತ್ತಾನೆ? ಬಾರ್ಬರಾ ವಾಲ್ ಅವರು 1991ರಲ್ಲಿ ಪ್ರಕಟಿಸಿದ ‘ದ ನರೇಟರ್ಸ್ ವಾಯ್ಸ್’ ಎಂಬ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು ಮೂರು ಬಗೆಯ ಸಂಬೋಧನೆಗಳನ್ನು ಗುರುತಿಸಿದ್ದಾರೆ. ಮಗುವನ್ನು ಮಾತ್ರ ಉದ್ದೇಶಿಸುವುದು ಏಕಸಂಬೋಧನೆ. ಮಗುವಿನೊಡನೆ ಮಾತನಾಡುತ್ತಲೇ ಅದರ ತಲೆಯ ಮೇಲಿನಿಂದ ದೊಡ್ಡವರತ್ತ ಕಣ್ಣು ಮಿಟುಕಿಸುವುದು ಎರಡನೆಯ ಬಗೆ. ಇದನ್ನು ದ್ವಿಮುಖ ಸಂಬೋಧನೆ ಎನ್ನಬಹುದು. ಇಬ್ಬರನ್ನೂ ಒಂದೇ ಧ್ವನಿಯಲ್ಲಿ, ಯಾರನ್ನೂ ಕೆಳಗಿರಿಸದೆ ಉದ್ದೇಶಿಸುವುದು ಮೂರನೆಯದು. ಇದಕ್ಕೆ ಸಮಸಂಬೋಧನೆ ಎಂಬ ಹೆಸರು ಒಪ್ಪುತ್ತದೆ. ವಾಲ್ ಅವರ ದೃಷ್ಟಿಯಲ್ಲಿ ಮೂರನೆಯದು ವಿರಳ ಮತ್ತು ದುಸ್ಸಾಧ್ಯ.

ಎರಡು ಪದರಗಳ ವಿವರಣೆ ಸರಿಹೊಂದುವುದು ಈ ಪೈಕಿ ದ್ವಿಮುಖ ಸಂಬೋಧನೆಗೆ ಮಾತ್ರ. 1937ರಲ್ಲಿ ಪ್ರಕಟವಾದ ಟೋಲ್ಕಿನ್ ಅವರ ‘ದ ಹಾಬಿಟ್’ ಕೃತಿಯಲ್ಲಿ ನಿರೂಪಕ ಆಗಾಗ ಕಥೆಯನ್ನು ನಿಲ್ಲಿಸಿ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡ ಹಿರಿಯನಂತೆ ವಿವರಣೆ ನೀಡುತ್ತಾನೆ. ಮಕ್ಕಳತ್ತ ಬಾಗಿ ಮಾತನಾಡುವ ಈ ಧಾಟಿಯ ಬಗ್ಗೆ ಟೋಲ್ಕಿನ್ ಅವರೇ ಮುಂದೆ ಅಸಮಾಧಾನ ವ್ಯಕ್ತಪಡಿಸಿದರು. ಲೆ ಗ್ವಿನ್ ಅವರ ಅರ್ತ್‌ಸೀ ಕೃತಿಗಳಲ್ಲಿ ಇಂತಹ ಬಾಗುವಿಕೆ ಕಾಣುವುದಿಲ್ಲ. ಅಲ್ಲಿಯ ನಿರೂಪಕ ಹಳೆಯ ವೀರಗೀತೆಗಳನ್ನು ಬಲ್ಲ ಚರಿತ್ರಕಾರನ ಗಾಂಭೀರ್ಯದಿಂದ ಮಾತನಾಡುತ್ತಾನೆ. ಸಮಸಂಬೋಧನೆಯ ಸ್ವರೂಪವನ್ನು ಅರಿಯಲು ಆದುದರಿಂದ ಈ ಸರಣಿ ಉಚಿತ ಆಕರ.

3. ‘ಅರ್ತ್‌ಸೀ’: ನಾಮ, ಸಮತೋಲ, ನೆರಳು

ಸರಣಿಯ ಮೊದಲ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಪ್ರಕಟವಾಯಿತು. ಹದಿಹರೆಯದ ಓದುಗರಿಗಾಗಿ ಒಂದು ಪುಸ್ತಕ ಬೇಕೆಂದು ಪ್ರಕಾಶಕರು ಕೇಳಿದುದರ ಫಲ ಅದು. ಕಡಲಿನಲ್ಲಿ ಹರಡಿಕೊಂಡ ನೂರಾರು ದ್ವೀಪಗಳ ಲೋಕ ಅರ್ತ್‌ಸೀ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಕಂಚುಗಾರನ ಮಗನಾಗಿ, ತಾಯಿಯಿಲ್ಲದೆ ಬೆಳೆದ ಹುಡುಗನಿಗೆ ಮಂತ್ರಶಕ್ತಿ ಇರುವುದು ತಿಳಿಯುತ್ತದೆ. ಓಗಿಯನ್ ಎಂಬ ಮೌನಿ ಮಾಂತ್ರಿಕ ಹದಿಮೂರನೆಯ ವಯಸ್ಸಿನಲ್ಲಿ ಅವನಿಗೆ ಗೆಡ್ ಎಂಬ ನಿಜನಾಮವನ್ನು ನೀಡಿ ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಗುರುವಿನ ನಿಧಾನವನ್ನು ಸಹಿಸದ ಗೆಡ್ ರೋಕ್ ದ್ವೀಪದ ಮಾಂತ್ರಿಕರ ವಿದ್ಯಾಲಯಕ್ಕೆ ಹೋಗುತ್ತಾನೆ. ಅಲ್ಲಿ ಸಹಪಾಠಿಯೊಬ್ಬನ ಮೇಲಿನ ಪೈಪೋಟಿಯಿಂದ ಸತ್ತವಳ ಆತ್ಮವನ್ನು ಕರೆಯಲು ಹೊರಟು, ಹೆಸರಿಲ್ಲದ ಒಂದು ನೆರಳನ್ನು ಲೋಕದೊಳಕ್ಕೆ ಬಿಡುತ್ತಾನೆ. ಅದು ಅವನ ಮುಖವನ್ನು ಸೀಳುತ್ತದೆ. ಬಿರುಕನ್ನು ಮುಚ್ಚುವ ಪ್ರಯತ್ನದಲ್ಲಿ ವಿದ್ಯಾಲಯದ ಮಹಾಮಾಂತ್ರಿಕ ಪ್ರಾಣ ಬಿಡುತ್ತಾನೆ. ಕಾದಂಬರಿಯ ಉಳಿದ ಭಾಗವೆಲ್ಲ ಆ ನೆರಳಿನಿಂದ ಓಡುವ, ಅನಂತರ ತಿರುಗಿ ನಿಂತು ಅದನ್ನೇ ಅಟ್ಟುವ ಕಥೆ. ಕೊನೆಗೆ ದ್ವೀಪಗಳೆಲ್ಲ ಮುಗಿದ ಮೂಡಣ ಕಡಲಿನಲ್ಲಿ ಗೆಡ್ ಅದನ್ನು ಎದುರುಗೊಂಡು ತನ್ನ ಹೆಸರಿನಿಂದಲೇ ಕರೆಯುತ್ತಾನೆ. ಅದೂ ಅದೇ ಕ್ಷಣದಲ್ಲಿ ಅವನನ್ನು ಅದೇ ಹೆಸರಿನಿಂದ ಕರೆಯುತ್ತದೆ.

ಈ ಲೋಕದ ಮೊದಲ ನಿಯಮ ನಾಮವನ್ನು ಕುರಿತದ್ದು. ಪ್ರತಿಯೊಂದು ವಸ್ತುವಿಗೂ ಮೂಲಭಾಷೆಯಲ್ಲಿ ಒಂದು ನಿಜನಾಮವಿದೆ. ಅದನ್ನು ತಿಳಿದವನಿಗೆ ಆ ವಸ್ತುವಿನ ಮೇಲೆ ಅಧಿಕಾರವಿದೆ. ಹಾಗಾಗಿ ಮನುಷ್ಯರು ಬಳಕೆಯ ಹೆಸರಿನಿಂದ ಪರಸ್ಪರ ಕರೆದುಕೊಳ್ಳುತ್ತಾರೆ, ನಿಜನಾಮವನ್ನು ಮುಚ್ಚಿಡುತ್ತಾರೆ. ಅದನ್ನು ತಿಳಿಸುವುದೆಂದರೆ ಪ್ರಾಣವನ್ನೇ ಮತ್ತೊಬ್ಬರ ಕೈಗೆ ಒಪ್ಪಿಸುವುದು. ಗೆಳೆಯ ವೆಚ್ ತನ್ನ ನಿಜನಾಮವನ್ನು ಗೆಡ್‌ಗೆ ಹೇಳುವ ಪ್ರಸಂಗ ಕಾದಂಬರಿಯ ಅತ್ಯಂತ ಆರ್ದ್ರ ಕ್ಷಣಗಳಲ್ಲೊಂದು. ಎಲ್ಲರೂ ತನ್ನನ್ನು ಶಂಕೆಯಿಂದ ಕಾಣುತ್ತಿರುವಾಗ, ತಾನೂ ತನ್ನನ್ನು ನಂಬದಿರುವಾಗ ಗೆಡ್‌ಗೆ ಆ ವಿಶ್ವಾಸ ದೊರೆಯುತ್ತದೆ. ಸ್ನೇಹದ ತೂಕವನ್ನು ತಿಳಿಯಲು ಹನ್ನೆರಡು ವರ್ಷದ ಓದುಗನಿಗೆ ಇಲ್ಲಿ ಯಾವ ಸಂಕೇತಾರ್ಥವೂ ಬೇಕಾಗುವುದಿಲ್ಲ. ಕಥೆಯ ನಿಯಮವೇ ಅದನ್ನು ಹೇಳಿಬಿಟ್ಟಿರುತ್ತದೆ. ವಾಸ್ತವವಾದಿ ಕಾದಂಬರಿ ಹಲವು ಪುಟಗಳ ಮನೋವಿಶ್ಲೇಷಣೆಯ ಮೂಲಕ ಕಟ್ಟಬೇಕಾದುದನ್ನು ಅದ್ಭುತ ಕಥನವು ಒಂದು ನಿಯಮವನ್ನು ಸ್ಥಾಪಿಸುವ ಮೂಲಕ ಕಟ್ಟಿಕೊಡುತ್ತದೆ.

ಲೇಖಕಿಯ ಕೌಟುಂಬಿಕ ಹಿನ್ನೆಲೆಯೂ ಇಲ್ಲಿ ಉಲ್ಲೇಖಾರ್ಹ. ಅವರ ತಂದೆ ಖ್ಯಾತ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್. ಯಾಹಿ ಎಂಬ ಬುಡಕಟ್ಟಿನ ಕೊನೆಯ ಮನುಷ್ಯ 1911ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡಾಗ ಅವನೊಡನೆ ಕೆಲಸ ಮಾಡಿದವರು ಕ್ರೋಬರ್. ತನ್ನ ಜನರ ರೂಢಿಯಂತೆ ಅವನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ‘ಇಶಿ’ ಎಂದು ಅವನನ್ನು ಕರೆದರು. ಅವನ ಭಾಷೆಯಲ್ಲಿ ಅದರ ಅರ್ಥ ಮನುಷ್ಯ. 1916ರಲ್ಲಿ ಅವನು ನಿಧನನಾದಾಗ ಆ ನಿಜವಾದ ಹೆಸರು ಅವನೊಡನೆಯೇ ಹೋಯಿತು. ಲೇಖಕಿಯ ತಾಯಿ ಥಿಯೊಡೋರಾ ಕ್ರೋಬರ್ 1961ರಲ್ಲಿ ಇವನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಇದನ್ನು ನೇರ ಪ್ರಭಾವವೆಂದು ಸಾಧಿಸುವ ಅಗತ್ಯವಿಲ್ಲ. ಆದರೆ ನಾಮದ ಗೋಪ್ಯತೆ ಮಕ್ಕಳನ್ನು ರಂಜಿಸಲು ಹೆಣೆದ ಕುತೂಹಲದ ಸಾಮಗ್ರಿಯಷ್ಟೇ ಅಲ್ಲ, ಮನುಷ್ಯ ಸಮುದಾಯಗಳು ಬದುಕಿದ ಸತ್ಯವೂ ಹೌದು ಎಂಬುದನ್ನು ಈ ಸಂಗತಿ ನೆನಪಿಸುತ್ತದೆ.

ಎರಡನೆಯ ನಿಯಮ ಸಮತೋಲ. ರೋಕ್‌ನ ಗುರುಗಳು ಕಲ್ಲನ್ನು ರತ್ನವಾಗಿ ತೋರಿಸುವುದನ್ನು ಕಲಿಸುತ್ತಾರೆ. ಅದನ್ನು ನಿಜವಾಗಿಯೂ ರತ್ನವಾಗಿಸಬೇಕೆಂದು ಗೆಡ್ ಬಯಸಿದಾಗ, ಕಲ್ಲಿನ ಸ್ವರೂಪವನ್ನು ಬದಲಿಸುವುದೆಂದರೆ ಲೋಕವನ್ನೇ ಬದಲಿಸುವುದೆಂದು ಎಚ್ಚರಿಸುತ್ತಾರೆ. ಇದಕ್ಕೆ ಮುಂಚೆಯೇ ಓಗಿಯನ್ ಈ ಪಾಠವನ್ನು ಮಾತಿಲ್ಲದೆ ಕಲಿಸಿರುತ್ತಾನೆ. ಮಳೆ ಬಂದಾಗ ಸಾಮಾನ್ಯ ಮಾಂತ್ರಿಕನೂ ಮೋಡವನ್ನು ಬೇರೆಡೆಗೆ ತಳ್ಳುತ್ತಾನೆ. ಓಗಿಯನ್ ಮರದಡಿಯಲ್ಲಿ ಮಲಗಿ ಮಳೆಯನ್ನು ಅದರ ಪಾಡಿಗೆ ಸುರಿಯಲು ಬಿಡುತ್ತಾನೆ. ಶಕ್ತಿಯಿದ್ದೂ ಬಳಸದ ಗುರುವನ್ನು ಕಂಡು ನೆನೆಯುತ್ತಿರುವ ಹುಡುಗ ಒಳಗೊಳಗೇ ಕುದಿಯುತ್ತಾನೆ.

ಪ್ರಸ್ತುತ ವಾದಕ್ಕೆ ಈ ಪ್ರಸಂಗ ಬಹಳ ಮುಖ್ಯ. ಬಾಲ ಓದುಗ ಇಲ್ಲಿ ಗೆಡ್‌ನೊಡನೆ ಮಳೆಯಲ್ಲಿ ನೆನೆಯುತ್ತಾನೆ. ಗುರುವಿನ ಮೌನ ಅವನಿಗೂ ಅಸಹನೀಯ. ಮೂವತ್ತು ವರ್ಷಗಳ ಅನಂತರ ಅದೇ ಪುಟವನ್ನು ತೆರೆದವನು, ಬಹುಶಃ ಈಗ ತಾನೇ ಅಧ್ಯಾಪಕನೋ ತಂದೆಯೋ ಆಗಿರುವವನು, ಓಗಿಯನ್‌ನ ಪಕ್ಕದಲ್ಲಿ ಮಲಗಿರುತ್ತಾನೆ. ಹೇಳಿ ತಿಳಿಸಲಾಗದುದನ್ನು ಶಿಷ್ಯ ತಾನಾಗಿ ಕಂಡುಕೊಳ್ಳುವವರೆಗೆ ಕಾಯುವ ಕಷ್ಟ ಅವನಿಗೆ ಈಗ ಗೊತ್ತು. ಆದರೆ ಇಬ್ಬರೂ ಓದುತ್ತಿರುವುದು ಒಂದೇ ವಾಕ್ಯಗಳನ್ನು, ಅವುಗಳ ಒಂದೇ ವಾಚ್ಯಾರ್ಥವನ್ನು. ಮಳೆ ಇಬ್ಬರಿಗೂ ಮಳೆಯೇ. ಒಳಪದರವೊಂದನ್ನು ಅಗೆದು ತೆಗೆಯುವ ಶ್ರಮ ಇಲ್ಲಿ ಯಾರಿಗೂ ಇಲ್ಲ. ಬದಲಾಗಿರುವುದು ಓದುಗನು ನಿಂತ ಜಾಗ. ಎರಡನೆಯ ಓದು ಮೊದಲನೆಯದನ್ನು ಸುಳ್ಳಾಗಿಸುವುದಿಲ್ಲ. ಹುಡುಗನ ಅಸಹನೆಯೂ ಕಾದಂಬರಿಗೆ ಬೇಕಾದ ಸತ್ಯವೇ.

ಮೂರನೆಯ ಅಂಶ ನೆರಳು. ಇದನ್ನು ಮನೋವಿಜ್ಞಾನಿ ಯೂಂಗ್‌ನ ‘ನೆರಳು’ ಎಂಬ ಪರಿಕಲ್ಪನೆಯೊಂದಿಗೆ ಜೋಡಿಸಿ ಓದುವ ಕ್ರಮವಿದೆ. ಲೆ ಗ್ವಿನ್ ಅವರೂ 1975ರಲ್ಲಿ ಪ್ರಕಟವಾದ ತಮ್ಮ ಪ್ರಬಂಧವೊಂದರಲ್ಲಿ ಮಗು, ನೆರಳು ಮತ್ತು ಅದ್ಭುತ ಕಥೆಗಳ ಸಂಬಂಧವನ್ನು ಯೂಂಗ್‌ನ ನೆರವಿನಿಂದ ಚರ್ಚಿಸಿದ್ದಾರೆ. ಈ ಓದು ತಪ್ಪಲ್ಲ. ಆದರೆ ನೆರಳು ಎಂದರೆ ವ್ಯಕ್ತಿತ್ವದ ದಮನಿತ ಭಾಗ ಎಂದು ಹೇಳಿ ಮುಗಿಸಿದಾಗ ನಾವು ಪಡೆದುದಕ್ಕಿಂತ ಕಳೆದುಕೊಂಡುದೇ ಹೆಚ್ಚು. ಕಾದಂಬರಿಯಲ್ಲಿ ನೆರಳಿಗೆ ಉಗುರುಗಳಿವೆ; ಅದು ಮಾಡಿದ ಗಾಯದ ಕಲೆ ಗೆಡ್‌ನ ಕೆನ್ನೆಯ ಮೇಲೆ ಸರಣಿಯುದ್ದಕ್ಕೂ ಉಳಿಯುತ್ತದೆ. ಬಾಲ ಓದುಗನಿಗೆ ಆಗುವ ಭಯವು ಅರ್ಥವನ್ನು ತಲುಪಲು ಬಳಸಿ ಬಿಡುವ ಏಣಿಯಲ್ಲ. ತಾನೇ ಮಾಡಿದ ಕೆಡುಕಿನಿಂದ ಓಡುವುದು ಹೇಗಿರುತ್ತದೆ ಎಂಬುದರ ಅನುಭವ ಆ ಭಯದಲ್ಲಿಯೇ ಇದೆ.

ಇದೇ ಕೃತಿಯಲ್ಲಿ ದೋಣಿ ಕಟ್ಟುವ ಗೆಳೆಯನ ಪುಟ್ಟ ಮಗನನ್ನು ಉಳಿಸಲು ಗೆಡ್ ಮಾಡುವ ಪ್ರಯತ್ನ ವಿಫಲವಾಗುತ್ತದೆ. ಸಾಯುತ್ತಿರುವ ಮಗುವಿನ ಆತ್ಮದ ಹಿಂದೆ ಅವನು ಸತ್ತವರ ನಾಡಿನವರೆಗೂ ಹೋಗುತ್ತಾನೆ, ಮಗು ಹಿಂದಿರುಗುವುದಿಲ್ಲ. ಮಕ್ಕಳಿಗಾಗಿ ಬರೆದ ಕೃತಿಯಲ್ಲಿ ಮಗುವಿನ ಸಾವನ್ನು ಮಂತ್ರದಿಂದ ಸರಿಪಡಿಸದೆ ಬಿಟ್ಟಿರುವುದು ಗಮನಾರ್ಹ. ಅದ್ಭುತವು ಪಲಾಯನದ ಸಾಹಿತ್ಯ ಎಂಬ ಆಕ್ಷೇಪಕ್ಕೆ ಇದು ಕೃತಿಯೊಳಗಿನಿಂದಲೇ ದೊರೆಯುವ ಉತ್ತರ. ಮಂತ್ರಶಕ್ತಿಯಿರುವ ಲೋಕದಲ್ಲಿಯೂ ಸಾವು ಇದೆ ಎಂದಾಗ ಸಾವಿನ ಅನಿವಾರ್ಯತೆ ಇನ್ನಷ್ಟು ಸ್ಪಷ್ಟವಾಗುತ್ತದೆ.

4. ಓದುಗರೊಡನೆ ಬೆಳೆದ ಸರಣಿ

ಸರಣಿಯ ಎರಡನೆಯ ಕೃತಿ ‘ದ ಟೂಂಬ್ಸ್ ಆಫ್ ಅಟುವಾನ್’ (1971) ಟೆನಾರ್ ಎಂಬ ಬಾಲಕಿಯ ಕಥೆ. ಗೋರಿಗಳ ಪೂಜಾರಿಣಿಯಾಗಿಸಲು ಎಳೆವಯಸ್ಸಿನಲ್ಲಿ ಅವಳನ್ನು ಮನೆಯಿಂದ ತಂದು, ಅವಳ ಹೆಸರನ್ನು ಕಿತ್ತುಕೊಳ್ಳಲಾಗುತ್ತದೆ. ಗೆಡ್ ಆ ಹೆಸರನ್ನು ಅವಳಿಗೆ ಮರಳಿ ಕೊಡುವುದು ಕಥೆಯ ತಿರುವು. ‘ದ ಫಾರ್ದೆಸ್ಟ್ ಶೋರ್’ (1972) ಅಮರತ್ವದ ಆಸೆಯಿಂದ ಬಾಳು ಬರಡಾಗುವುದನ್ನು ಹೇಳುತ್ತದೆ. 1973ರಲ್ಲಿ ಅದಕ್ಕೆ ಮಕ್ಕಳ ಪುಸ್ತಕಗಳ ವಿಭಾಗದಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ಇದರ ಕೊನೆಯಲ್ಲಿ ಗೆಡ್ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಸಾಮಾನ್ಯ ಮನುಷ್ಯನಾಗುತ್ತಾನೆ.

ಹದಿನೆಂಟು ವರ್ಷಗಳ ಅನಂತರ, 1990ರಲ್ಲಿ, ‘ಟೆಹಾನು’ ಪ್ರಕಟವಾಯಿತು. ಇಲ್ಲಿ ಟೆನಾರ್ ನಡುವಯಸ್ಸಿನ ವಿಧವೆ, ಹೊಲ ನೋಡಿಕೊಳ್ಳುವ ಗೃಹಿಣಿ. ಬೆಂಕಿಗೆ ದೂಡಲ್ಪಟ್ಟು ಅರೆಸುಟ್ಟ ಮಗುವೊಂದನ್ನು ಅವಳು ಸಾಕುತ್ತಿದ್ದಾಳೆ. ಮಾಂತ್ರಿಕರ ಶಕ್ತಿಯೆಲ್ಲ ಪುರುಷರ ಪಾಲಾದುದು ಏಕೆ ಎಂಬ ಪ್ರಶ್ನೆಯನ್ನು ಮೊದಲ ಮೂರು ಕೃತಿಗಳು ಕೇಳಿರಲಿಲ್ಲ. ‘ಟೆಹಾನು’ ಅದನ್ನು ಕೇಳುತ್ತದೆ. ಆ ಮೂಲಕ ಲೇಖಕಿ ತಾವೇ ಕಟ್ಟಿದ ಲೋಕವನ್ನು ಮರುವಿಮರ್ಶೆಗೆ ಒಳಪಡಿಸಿದ್ದಾರೆ. 2001ರಲ್ಲಿ ‘ಟೇಲ್ಸ್ ಫ್ರಂ ಅರ್ತ್‌ಸೀ’ ಮತ್ತು ‘ದಿ ಅದರ್ ವಿಂಡ್’ ಬಂದವು. ಗೆಡ್‌ನ ಕೊನೆಯ ದಿನಗಳನ್ನು ಹೇಳುವ ಸಣ್ಣಕಥೆಯೊಂದು ಲೇಖಕಿಯ ನಿಧನಾನಂತರ 2018ರಲ್ಲಿ ಪ್ರಕಟವಾಯಿತು.

1968ರಲ್ಲಿ ಹನ್ನೆರಡು ವರ್ಷದವಳಾಗಿ ಮೊದಲ ಪುಸ್ತಕವನ್ನು ಓದಿದ ಓದುಗಿಯೊಬ್ಬಳನ್ನು ಕಲ್ಪಿಸಿಕೊಂಡರೆ, ‘ಟೆಹಾನು’ ಬಂದಾಗ ಅವಳಿಗೆ ಮೂವತ್ತನಾಲ್ಕು. ಕೊನೆಯ ಕಥೆ ಬಂದಾಗ ಅರವತ್ತೆರಡು. ‘ಎಲ್ಲ ವಯಸ್ಸಿನವರಿಗೂ’ ಎಂಬ ಮಾತಿಗೆ ಇಲ್ಲಿ ವಿಶಿಷ್ಟವಾದ ಅರ್ಥ ಬರುತ್ತದೆ. ಬೇರೆ ಬೇರೆ ವಯಸ್ಸಿನ ಹಲವು ಓದುಗರು ಎಂದು ಮಾತ್ರವಲ್ಲದೆ, ಒಬ್ಬಳೇ ಓದುಗಿಯ ಹಲವು ವಯಸ್ಸುಗಳು ಎಂದೂ ಅದನ್ನು ತಿಳಿಯಬೇಕಾಗುತ್ತದೆ. ಮೊದಲ ಓದಿನ ಭಯ, ವಿಸ್ಮಯಗಳು ಅವಳೊಳಗೆ ಇದ್ದುದರಿಂದಲೇ ಮುಂದಿನ ಓದಿಗೆ ನೆಲ ದೊರೆಯಿತು.

5. ಕನ್ನಡದ ಸಂದರ್ಭ

ಕನ್ನಡ ಓದುಗರಿಗೆ ಈ ವಿಚಾರ ಅಪರಿಚಿತವಲ್ಲ. ಹೆಸರಿನ ತೂಕವನ್ನು ನಮ್ಮ ಸಮಾಜ ಬಲ್ಲದು. ಹೆಂಡತಿ ಗಂಡನ ಹೆಸರನ್ನು ನೇರವಾಗಿ ಉಚ್ಚರಿಸದಿರುವ ಪದ್ಧತಿ, ಶುಭಕಾರ್ಯಗಳಲ್ಲಿ ಒಡಪಿನ ಮೂಲಕ ಅದನ್ನು ಹೇಳಿಸುವ ಉತ್ತರ ಕರ್ನಾಟಕದ ರೂಢಿ ಇದಕ್ಕೆ ಸಾಕ್ಷಿ. ಎ.ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ವಲಯಗಳನ್ನು ಕುರಿತು 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮನೆಯೊಳಗೆ ಅಜ್ಜಿಯರು ಹೇಳುವ ಕಥೆಗಳನ್ನೂ ಸಾರ್ವಜನಿಕವಾಗಿ ವೃತ್ತಿಗಾಯಕರು ಹಾಡುವ ಕಥನಗಳನ್ನೂ ಬೇರ್ಪಡಿಸಿ ನೋಡಿದ್ದಾರೆ. ಮನೆಯ ಕಥೆಗಳ ಪಾತ್ರಗಳಿಗೆ ಬಹುಮಟ್ಟಿಗೆ ಹೆಸರಿರುವುದಿಲ್ಲ. ‘ಒಂದೂರಿನಲ್ಲಿ ಒಬ್ಬ ರಾಜ’ ಎಂದರೆ ಸಾಕು. ಸಾರ್ವಜನಿಕ ಕಥನಗಳಲ್ಲಿ ಹೆಸರು, ಊರು, ವಂಶ ಎಲ್ಲವೂ ಬರುತ್ತವೆ. ಅಡುಗೆಮನೆಯಲ್ಲಿ ಮಕ್ಕಳಿಗೆ ಹೇಳುವ ಕಥೆ ಪಕ್ಕದಲ್ಲಿ ಕೆಲಸ ಮಾಡುತ್ತಿರುವ ದೊಡ್ಡವರ ಕಿವಿಗೂ ಬೀಳುತ್ತದೆ. ಸಮಸಂಬೋಧನೆ ಎಂದು ಇಂದು ಹೆಸರಿಸುವ ಗುಣ ಆ ಸನ್ನಿವೇಶದಲ್ಲಿ ಸಹಜವಾಗಿಯೇ ಇತ್ತು.

ನಮ್ಮ ವಿಮರ್ಶೆಯಲ್ಲಿ ಈ ಗುಣಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕಾವ್ಯವಿಮರ್ಶೆಯಲ್ಲಿ ಚರ್ಚೆಯಾಗುತ್ತದೆ. ಅವರದೇ ‘ತುತ್ತೂರಿ’ ಮಕ್ಕಳ ಸಾಹಿತ್ಯದ ಅಧ್ಯಾಯಕ್ಕೆ ಸರಿಯುತ್ತದೆ. ಅಲ್ಲಿ ಮಕ್ಕಳ ಕೃತಿಗಳನ್ನು ಅಳೆಯಲು ಬಳಸುವ ಅಳತೆಗೋಲು ಸಾಮಾನ್ಯವಾಗಿ ನೀತಿಬೋಧೆ, ಸರಳ ಭಾಷೆ, ರಂಜನೆ ಇಷ್ಟೇ. ನಿರೂಪಕನ ಧ್ವನಿ, ಕಲ್ಪಿತ ಲೋಕದ ನಿಯಮಗಳ ಸಂಗತತೆ, ಸಾವು ಭಯಗಳನ್ನು ನಿರ್ವಹಿಸುವ ಪ್ರಾಮಾಣಿಕತೆ ಇವುಗಳನ್ನು ಕುರಿತ ಪ್ರಶ್ನೆಗಳನ್ನು ನಾವು ದೊಡ್ಡವರ ಕಾದಂಬರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಮಕ್ಕಳ ಕೃತಿಗೂ ಇದೇ ಪ್ರಶ್ನೆಗಳನ್ನು ಕೇಳತೊಡಗಿದರೆ, ಹಾಗೆ ಕೇಳಿಸಿಕೊಳ್ಳಬಲ್ಲ ಕೃತಿಗಳನ್ನು ಬರೆಯುವವರಿಗೂ ಅದರಿಂದ ಬಲ ಬರುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅದ್ಭುತ ಕಥನವನ್ನು ಮಕ್ಕಳಿಗೆ ಮೀಸಲಿಟ್ಟುದು ಚಾರಿತ್ರಿಕ ಕಾರಣಗಳಿಂದ. ಪ್ರಕಾರದ ಸ್ವಭಾವದಲ್ಲಿ ಅದಕ್ಕೆ ಆಧಾರವಿಲ್ಲ. ಇಂತಹ ಕೃತಿಗಳಲ್ಲಿ ಉತ್ತಮವಾದವು ತಮ್ಮ ಲೋಕದ ನಿಯಮಗಳ ಮೂಲಕವೇ ಅರ್ಥವನ್ನು ಕಟ್ಟುವುದರಿಂದ ಮಗುವಿನ ಓದು ಅಪೂರ್ಣವಾದ ಓದಲ್ಲ. ದೊಡ್ಡವರ ಓದಿನಲ್ಲಿ ಹೆಚ್ಚಾಗಿ ಸೇರುವುದು ಅವರು ಬದುಕಿನಲ್ಲಿ ನಡೆದುಬಂದ ದಾರಿ. ಮಕ್ಕಳ ಕಾದಂಬರಿಯನ್ನು ಸಂಕೇತವೆಂದೋ ತತ್ತ್ವವೆಂದೋ ಅನುವಾದಿಸಿಕೊಂಡ ಬಳಿಕವೇ ಅಧ್ಯಯನಕ್ಕೆ ಅರ್ಹವೆಂದು ಒಪ್ಪುವ ಕ್ರಮವನ್ನು ನಮ್ಮ ತರಗತಿಗಳು ಕೈಬಿಡಬೇಕಾಗಿದೆ. ಹನ್ನೆರಡು ವರ್ಷದ ಓದುಗನ ಭಯ ಮತ್ತು ವಿಸ್ಮಯಗಳನ್ನು ಓದಿನ ಪ್ರಮಾಣಗಳೆಂದು ಸ್ವೀಕರಿಸಿದಾಗ ಮಾತ್ರ ಈ ಪ್ರಕಾರದ ವಿಮರ್ಶೆ ಸರಿಯಾದ ನೆಲೆಯಿಂದ ಆರಂಭವಾಗುತ್ತದೆ.